ಜೂನ್ ಒಂದನೇ ತಾರೀಖಿನ ತುಂಗಾ

ವಾಮನರಾಯರಿಗೆ ಬೆಳಗಾದರೆ ಕರವಸ್ತ್ರ ಸಿಗುವುದಿಲ್ಲ. ಬೀಗದ ಕೈ ಗೊಂಚಲು ಸಿಗುವುದಿಲ್ಲ. ಮೂಗಿನ ಮೇಲೇ ಕೂತಿರುವ ಕನ್ನಡಕವೂ ಸಿಗುವುದಿಲ್ಲ (ಇದು ಉತ್ಪ್ರೇಕ್ಷೆಯಲ್ಲ, ವಾರಕ್ಕೊಮ್ಮೆ ನಡೆಯುತ್ತದೆ). "ತುಂಗಾ, ಎಲ್ಲಿಟ್ಟೀ?" ಎಂಬ ಕೂಗಿನಿಂದಲೇ ನಾಗಪುರದ ಧರಮಪೇಠದ ಆ ಎರಡು ಕೋಣೆಯ ಮನೆಗೆ ಬೆಳಗಾಗುವುದು. ಯಾರೇ ಎಲ್ಲೇ ಇಟ್ಟಿರಲಿ, ಇಟ್ಟವಳು ತುಂಗಾ. ಹುಡುಕಿ ಕೊಡುವವಳೂ ತುಂಗಾ.

ಅದೇ ವಾಮನರಾಯರು ಹತ್ತೂವರೆಗೆ ಸಿವಿಲ್ ಲೈನ್ಸಿನ ತಮ್ಮ ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೂತರೆಂದರೆ ಸಾಕ್ಷಾತ್ ಚಿತ್ರಗುಪ್ತ. "ಯಾವ ಕಾಗದಾ ಬೇಕ ಹೇಳ್ರಿ, ಎರಡ ಮಿನಿಟಿನಾಗ ತಗದ ಕೊಡತೀನಿ" ಎಂದು ಸಾಹೇಬರಿಗೇ ಸವಾಲು ಹಾಕುವವರು.

ಎಂಬತ್ತನಾಲ್ಕರ ಜೂನ್ ಕೊನೆಗೆ ತುಂಗಾಳಿಗೂ ಒಂದು ಕಾಗದ ಬೇಕಾಯಿತು. ಬಜಾಜ್ ನಗರದ ಶಾಲೆಯೊಂದರಲ್ಲಿ ಶಿಕ್ಷಕಿಯ ಕೆಲಸ ಖಾಲಿ ಇತ್ತು. ಬಿ.ಎಡ್. ಪದವಿ ಹದಿಮೂರು ವರ್ಷಗಳಿಂದ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು. ಷರತ್ತು ಒಂದೇ: ಜುಲೈ ಒಂದಕ್ಕೆ ಮೂವತ್ತೈದು ತುಂಬಿರಬಾರದು. ತುಂಗಾ ಹುಟ್ಟಿದ್ದು ನಲವತ್ತೊಂಬತ್ತರ ನವೆಂಬರಿನಲ್ಲಿ. ಇನ್ನೂ ನಾಲ್ಕು ತಿಂಗಳು ಬಾಕಿ. ಆದರೆ ಶಾಲೆಯ ಸರ್ಟಿಫಿಕೇಟಿನಲ್ಲಿ ಅದೇ ವರ್ಷದ ಜೂನ್ ಒಂದು. ಅವಳೊಬ್ಬಳೇ ಅಲ್ಲ, ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೋಗಲೆಂದು ಅವಳ ತರಗತಿಯ ಅರ್ಧ ಮಕ್ಕಳನ್ನು ಹೆಡ್‌ಮಾಸ್ತರರು ಜೂನ್ ಒಂದರಂದೇ ಹುಟ್ಟಿಸಿದ್ದರು. ಆ ಲೆಕ್ಕದಲ್ಲಿ ತುಂಗಾಳಿಗೆ ಮೂವತ್ತೈದು ದಾಟಿ ಒಂದು ತಿಂಗಳು. ಶನಿವಾರದೊಳಗೆ ಜನನ ದಾಖಲೆಯ ನಕಲು ಕೊಡದಿದ್ದರೆ ಟ್ರಂಕಿನ ಪದವಿ ಟ್ರಂಕಿಗೇ.

"ಅದೇನ್ ಮಹಾ? ದಾಖಲೆ ಹುಡುಕೋದಂದ್ರ ಅದೊಂದು ಶಾಸ್ತ್ರ. ನೀ ಸುಮ್ಮನ ನನ್ನ ಹಿಂದ ಬಾ" ಎಂದರು ವಾಮನರಾಯರು.

ಗುರುವಾರ ಹೊರಡುವುದೆಂದಾಯಿತು. ಸಿದ್ಧತೆಯನ್ನು ಇಬ್ಬರೂ ಹಂಚಿಕೊಂಡರು. ತುಂಗಾ ನಸುಕಿನಲ್ಲೇ ಎದ್ದು ಚಪಾತಿ, ಝುಣಕ ಮಾಡಿ, ಮಕ್ಕಳ ಊಟ ಮುಚ್ಚಿಟ್ಟು, ನೀರು ತುಂಬಿ, ಪಕ್ಕದ ಮನೆಯ ವಿಮಲಾಬಾಯಿಗೆ ಮಕ್ಕಳನ್ನೂ ಬೀಗದ ಕೈಯನ್ನೂ ಒಪ್ಪಿಸಿದಳು. ವಾಮನರಾಯರು ಪೆನ್ನಿಗೆ ಶಾಯಿ ತುಂಬಿದರು (ಶಾಯಿಯ ಬಾಟಲಿ ಎಲ್ಲಿದೆ ಎಂದು ಕೇಳಿ).

ಕೆಂಪು ಎಸ್.ಟಿ. ಬಸ್ಸು ಐದು ಗಂಟೆ ಕುಲುಕಿಸಿ, ರಸ್ತೆ ಮುಗಿದು ಕಾಡು ಶುರುವಾಗುವಲ್ಲಿ ಇಳಿಸಿತು. ಅದೇ ಸಾವರಟೋಲಾ. ತುಂಗಾಳ ಅಪ್ಪ ಒಂದು ಕಾಲಕ್ಕೆ ಇಲ್ಲಿಯ ಪುಟ್ಟ ರೈಲು ನಿಲ್ದಾಣದ ಮಾಸ್ತರರಾಗಿದ್ದರು.

ನಗರಪರಿಷತ್ತಿನ ಗುಮಾಸ್ತ ಮರಾಠಿಯಲ್ಲಿ, "ನಲವತ್ತೊಂಬತ್ತರದ? ಅರ್ಜಿ ಕೊಟ್ಟ ಹೋಗ್ರಿ. ಹದಿನೈದ ದಿವಸ ಬಿಟ್ಟ ಬರ್ರಿ" ಎಂದ. ವಾಮನರಾಯರು ತಾವೂ ಅದೇ ಕಸುಬಿನವರೆಂದು ಪರಿಚಯ ಹೇಳಿಕೊಂಡದ್ದೇ ತಡ, ಇಬ್ಬರು ಶಾಸ್ತ್ರಜ್ಞರೂ ಕೈಕೈ ಹಿಡಿದು ಒಳಗೆ ಹೋದರು. ಒಳಗಿನಿಂದ ಎರಡು ತಾಸು ಸೀನು, ಕೆಮ್ಮು, "ನಮ್ಮಲ್ಲಿಯ ಪದ್ಧತಿ ಹೆಂಗಂದ್ರ…" ಎಂಬ ಪ್ರವಚನ ಕೇಳಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೂವತ್ತೆಂಟನೇ ಇಸವಿಯಲ್ಲಿ ದೊಡ್ಡಿಗೆ ಹಾಕಿದ ದನಗಳ ಪಟ್ಟಿ ಸಿಕ್ಕಿತು. ತುಂಗಾ ಸಿಗಲಿಲ್ಲ.

ವರಾಂಡದಲ್ಲಿ ಕಸ ಗುಡಿಸುತ್ತಿದ್ದ ಗಿರಜಾಬಾಯಿಗೆ ತುಂಗಾ ಎರಡು ಚಪಾತಿ ಕೊಟ್ಟು, "ಒಳಗಿನ ಕಾಗದದ ಗಂಟು ಕಟ್ಟೋರು ಯಾರವ್ವಾ?" ಎಂದು ಕೇಳಿದಳು.

"ಮತ್ಯಾರು? ನಾನ. ಮಳಿಗಾಲ ಮುಗದ ಮ್ಯಾಲೆ ಎಲ್ಲಾ ಬಿಸಲಿಗೆ ಹಾಕಿ, ಝಾಡಿಸಿ, ಕಟ್ಟಿ ಇಡತೀನಿ. ಇಪ್ಪತ್ತ ವರ್ಷಾತು. ನನ್ನ ಯಾರ ಕೇಳತಾರ?"

"ನಾ ಕೇಳತೀನಲ್ಲ, ಹಳೇ ಸ್ಟೇಷನ್ ಮಾಸ್ತರರ ಮಗಳು. ನಾ ಹುಟ್ಟಿದ್ದು ಯಾವ ಗಂಟಿನಾಗ ಅದ?"

"ಓದಾಕ ಬರೂದಿಲ್ಲ ಬಾಯಿ. ಆದರ ಹುಟ್ಟಿದವರದು ಹಸರ ಬಟ್ಟಿ, ಸತ್ತವರದು ಬಿಳೇದು. ಹಳೇ ಸ್ಟೇಷನ್ ಮಾಸ್ತರನ ಕಾಲದ್ದು ಮ್ಯಾಲಿನ ಹಲಗಿ, ಗೋಡಿ ಕಡೆ."

ತುಂಗಾಳ ಅಡುಗೆಮನೆಯ ಇಪ್ಪತ್ತು ಡಬ್ಬಿಗಳ ಮೇಲೂ ಚೀಟಿಯಿಲ್ಲ. ಅವಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಗಿರಜಾಬಾಯಿ ಸ್ಟೂಲು ಹತ್ತಿ, ಇಬ್ಬರು ಗಂಡಸರ ತಲೆಯ ಮೇಲಿನಿಂದ ಹಸಿರು ಗಂಟನ್ನು ಇಳಿಸಿದಳು. ಎರಡೇ ನಿಮಿಷ.

ಇದ್ದಳು. ನವೆಂಬರ್ ಒಂಬತ್ತು. ಹೆಣ್ಣು. ತಂದೆ, ಸ್ಟೇಷನ್ ಮಾಸ್ತರ. ತುಂಗಾ ಆ ಸಾಲಿನ ಮೇಲೆ ಬೆರಳಿಟ್ಟು ನಿಂತಳು.

"ನೋಡಿದ್ಯಾ? ಪದ್ಧತಿ ಪ್ರಕಾರ ಹುಡುಕಿದ್ರ ಸಿಗಲಾರದ ವಸ್ತು ಜಗತ್ತಿನಾಗ ಇಲ್ಲ" ಎಂದರು ವಾಮನರಾಯರು, ಧೂಳಿನ ಮೀಸೆ ಒರೆಸಿಕೊಳ್ಳುತ್ತ.

ಗುಮಾಸ್ತ ಅಂಚಿನ ಕೆಂಪು ಅಕ್ಷರ ಓದುತ್ತಿದ್ದ. "ಇದರ ನಕಲು ಹಿಂದನ ಕೊಟ್ಟಾಗ್ಯದಲ್ಲಾ! ಎಪ್ಪತ್ತೊಂದರಾಗ, ಟಪಾಲಿನಿಂದ ನಾಗಪುರಕ್ಕ ಕಳಿಸ್ಯಾರ. ಅರ್ಜಿದಾರ… ವಾಮನರಾವ್, ರೆಕಾರ್ಡ್ ಕೀಪರ್."

ವಾಮನರಾಯರು ಕನ್ನಡಕ ಸರಿಮಾಡಿಕೊಂಡು ಆ ಕೆಂಪು ಅಕ್ಷರವನ್ನು ತಾವೇ ಓದಿದರು.

ವಾಮನರಾಯರಿಗೆ ಮೆಲ್ಲಗೆ ನೆನಪಾಯಿತು. ಮದುವೆಯಾದ ವರ್ಷ ಕಚೇರಿ ಹೆಂಡತಿಯ ಹುಟ್ಟಿದ ದಿನ ಕೇಳಿತ್ತು. ನಕಲು ತರಿಸಿ, ಸರ್ವಿಸ್ ಬುಕ್ಕಿನಲ್ಲಿ 'ಅವಲಂಬಿತರು' ಎಂಬ ತಲೆಬರಹದಡಿ ಅಂಟಿಸಿದ್ದರು. ಅದು ಈಗಲೂ ಅವರದೇ ರೆಕಾರ್ಡ್ ರೂಮಿನ ಕಪಾಟಿನಲ್ಲಿತ್ತು. ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ. ಆ ಕಪಾಟಿನ ಕೀಲಿ ಇರುವ ಗೊಂಚಲನ್ನೇ ಅವರ ಅವಲಂಬಿತೆ ದಿನಾ ಬೆಳಿಗ್ಗೆ ಹುಡುಕಿ ಕೊಡುವುದು.

ತುಂಗಾಳಿಗೆ ನಗು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಗುಮಾಸ್ತ ಅಲ್ಲೇ ಅಂಟಿಸಿದ್ದ ಹಳೆಯ ಅರ್ಜಿ ಬಿಡಿಸಿದ. ಗಂಡನ ಸಹಿಯ ಕೆಳಗೆ, 'ನನ್ನ ಒಪ್ಪಿಗೆ ಇದೆ' ಎಂಬಲ್ಲಿ, ಅವಳದೇ ಸಹಿ. ಪಕ್ಕದಲ್ಲಿ ಮಾಸಿದ ಹಳದಿ ಬೆರಳ ಗುರುತು. ಅರ್ಜಿ ನೆನಪಾಗಲಿಲ್ಲ, ಒಗ್ಗರಣೆಯ ವಾಸನೆ ನೆನಪಾಯಿತು, "ಇಲ್ಲೊಂದು ಸಹಿ ಹಾಕು, ಜಲ್ದಿ" ಎಂಬ ಮಾತು ನೆನಪಾಯಿತು. ಓದಿರಲಿಲ್ಲ. ಅರಿಶಿನದ ಕೈಯಲ್ಲಿ ಓದದೆ ಹಾಕಿದ ಸಹಿಗಳು ಇನ್ನೂ ಎಲ್ಲೆಲ್ಲಿವೆಯೋ! ಮನೆಮಂದಿಯ ಎಲ್ಲ ವಸ್ತುಗಳ ಠಿಕಾಣಿ ಬಲ್ಲವಳಿಗೆ ತನ್ನ ಹುಟ್ಟು ಎಲ್ಲಿದೆಯೆಂದು ಗೊತ್ತಿರಲಿಲ್ಲ. ನಗು ಗಂಟಲಲ್ಲೇ ಉಳಿಯಿತು.

ಗುಮಾಸ್ತ ಹೊಸ ನಕಲು ಬರೆದು, ಸಹಿಗೆಂದು ರಸೀದಿ ಪುಸ್ತಕವನ್ನು ವಾಮನರಾಯರ ಮುಂದೆ ಸರಿಸಿದ. ಅವರು ಜೇಬು ತಡಕಾಡಿದರು. "ತುಂಗಾ, ಪೆನ್ನು ಎಲ್ಲಿ…"

ಅವಳು ಅವರ ಕಿವಿಯ ಮೇಲಿನಿಂದ ಪೆನ್ನು ತೆಗೆದು, ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಮೊದಲ ಸಾಲಿನಿಂದ ಓದತೊಡಗಿದಳು. ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು.

"ಜಲ್ದಿ ಹಾಕಿ ಬಿಡ, ಬಸ್ ಹೋಗತದ!"

ಅವಳು ಎರಡನೇ ಸಾಲು ಓದಿದಳು. ನಕಲು ಓದಿದಳು. ಮೊಹರಿನ ಸುತ್ತಲಿನ ಸಣ್ಣ ಅಕ್ಷರವನ್ನೂ ಬಿಡಲಿಲ್ಲ. ಆಮೇಲೆ ಸಹಿ ಹಾಕಿದಳು, ಪೂರ್ತಿ ಹೆಸರು ಬರೆದು.

ಹೊರಗೆ ಬಂದಾಗ ರಸ್ತೆಯಲ್ಲಿ ಕೆಂಪು ಧೂಳು ಮಾತ್ರ ಇತ್ತು. ಮುಂದಿನ ಬಸ್ಸು ನಾಳೆ ಬೆಳಿಗ್ಗೆ ಎಂದಳು ಗಿರಜಾಬಾಯಿ. ಶನಿವಾರಕ್ಕೆ ಇನ್ನೂ ಒಂದು ದಿನವಿತ್ತು. ವಾಮನರಾಯರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಹದಿಮೂರು ವರ್ಷದ ಅಭ್ಯಾಸ ಎಲ್ಲಿ ಬಿಡುತ್ತದೆ?

"ತುಂಗಾ, ಬಸ್ ಎಲ್ಲಿ?"

"ಅದೊಂದನ್ನ ನಾ ಎತ್ತಿಟ್ಟಿಲ್ರೀ" ಎಂದಳು ತುಂಗಾ. ಗಂಟಲಲ್ಲಿ ಸಿಕ್ಕಿಕೊಂಡಿದ್ದ ನಗು ಆಗ ಹೊರಗೆ ಬಂತು.