ಕತ್ತರಿಯಕ್ಕನ ತೀರ್ಮಾನ

ಕತ್ತರಿಯಕ್ಕ ಮಾಡಿದ ತಪ್ಪು ಒಂದೇ. ಹಾರ್ಮೋನ್ ಚಿಕಿತ್ಸೆ ಬೇಕೋ ಬೇಡವೋ ಎಂದು ಮಧ್ಯಾಹ್ನದೊಳಗೆ ಡಾಕ್ಟರಿಗೆ ಹೇಳಬೇಕೆಂಬ ಸಂಗತಿಯನ್ನು ಬೆಳಗ್ಗೆ ಹೊಲಿಗೆ ಕೋಣೆಯಲ್ಲಿ ಬಾಯಿಬಿಟ್ಟಳು.

ಶಾಲಾ ಸಮವಸ್ತ್ರದ ಬಟ್ಟೆ ಕತ್ತರಿಸುವುದು ಅವಳ ಕೆಲಸ. ಮುಟ್ಟು ನಿಂತಾಗಿನಿಂದ ರಾತ್ರಿ ನಿದ್ದೆಯಿಲ್ಲ. ಹಗಲು ಇದ್ದಕ್ಕಿದ್ದಂತೆ ಮೈಯೊಳಗೆ ಯಾರೋ ಒಲೆ ಹಚ್ಚಿದ ಹಾಗೆ ಬಿಸಿಯೇರಿ ಬೆವರು ಸುರಿಯುತ್ತಿತ್ತು. ಅಂಥದೇ ಹೊತ್ತಿನಲ್ಲಿ ಕೈ ತಪ್ಪಿ ಒಂದು ಥಾನು ಬಟ್ಟೆ ಹಾಳಾಗಿತ್ತು. "ಇನ್ನೊಂದ್ಸಲ ಹೀಗಾದ್ರೆ ಮನೇಲೇ ಇರಿ," ಎಂದಿದ್ದ ಮೇಸ್ತ್ರಿ, ಬಟ್ಟೆಯ ಮೇಲಿನ ಮರುಕದಿಂದ ಅವಳ ಮೇಜಿನ ಪಕ್ಕ ಕೂಲರ್ ಇಡಿಸಿದ್ದ.

"ಹಾರ್ಮೋನಾ? ಕ್ಯಾನ್ಸರ್ ಬಂದೇ ಬರತ್ತೆ!" ಎಂದಳು ಗುಂಡಿ ಹಚ್ಚುವವಳು.

"ನಮ್ಮ ಓರಗಿತ್ತಿಗೆ ಮೀಸೆ ಬಂತು," ಎಂದಳು ಇಸ್ತ್ರಿಯವಳು. "ಸಹಿಸ್ಕೊಳ್ಳಿ ಅಕ್ಕ. ನಮ್ಮತ್ತೆ ಹತ್ತು ವರ್ಷ ಸಹಿಸ್ಕೊಂಡ್ರು."

"ಈಗ ಹೇಗಿದ್ದಾರೆ?"

"ಯಾರೂ ಹತ್ತಿರ ಹೋಗಲ್ಲ."

ತಲೆ ಕೆಟ್ಟುಹೋದ ಕತ್ತರಿಯಕ್ಕ ಒಂದನೇ ಕ್ಲಾಸಿನ ಅಂಗಿಗೆ ಹತ್ತನೇ ಕ್ಲಾಸಿನ ತೋಳು ಕತ್ತರಿಸಿದಳು. ಮೇಸ್ತ್ರಿಯ ಕಣ್ಣಿಗೆ ಬೀಳುವ ಮೊದಲೇ ಊಟದ ಬಿಡುವಾಯಿತು. ಅವಳು ಡಾಕ್ಟರ ಬಳಿಗೆ ಓಡಿದಳು.

"ಮೀಸೆ ಬರತ್ತಾ?"

"ಇಲ್ಲಮ್ಮ," ಎಂದು ಡಾಕ್ಟರು ನಕ್ಕರು. "ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಹೆಚ್ಚಬಹುದು, ಅದನ್ನ ಮುಚ್ಚಿಡಲ್ಲ. ನಿಮ್ಮ ವಯಸ್ಸು, ತಪಾಸಣೆ ಎಲ್ಲ ನೋಡಿದ್ರೆ ನಿಮಗೆ ಉಪಯೋಗವೇ ಜಾಸ್ತಿ ಅನ್ಸತ್ತೆ. ಆಗಾಗ ಬಂದು ತೋರಿಸ್ಬೇಕು. ಆದ್ರೆ ನಿದ್ದೆಗೆಟ್ಟಿರೋರು ನೀವು, ತೀರ್ಮಾನಾನೂ ನಿಮ್ದೇ."

"ಬರ್ಕೊಡಿ," ಎಂದಳು. ಹಾಗೆಂದ ಮೇಲೆ ಮನಸ್ಸು ಎಷ್ಟು ಹಗುರವಾಯಿತೆಂದು ಅವಳಿಗೇ ಆಶ್ಚರ್ಯ.

"ಗುಣ ಕಾಣೋಕೆ ಕೆಲವು ವಾರ ಬೇಕು. ತಾಳ್ಮೆ ಇರ್ಲಿ."

ಮರಳಿ ಬಂದವಳೇ ಬಾಗಿಲಲ್ಲಿ ನಿಂತು ಸಾರಿದಳು: "ಔಷಧಿ ತಗೊಳ್ತಿದೀನಿ!"

ಹೆಂಗಸರೆಲ್ಲ ಕೂಲರಿನತ್ತ ನೋಡಿದರು. ಮೇಸ್ತ್ರಿಯೊಬ್ಬನೇ ಹಿಗ್ಗಿದ.

"ಒಳ್ಳೇ ಕೆಲಸ ಮಾಡಿದ್ರಿ ಅಕ್ಕ! ಹಾಗಾದ್ರೆ ಈ ಕೂಲರ್ ನನ್ನ ರೂಮಿಗೆ ಹೋಗ್ಲಿ."

"ಗುಣ ಆಗೋಕೆ ಇನ್ನೂ ವಾರಗಟ್ಟಲೆ..."

"ಔಷಧಿ ಬಂತಲ್ಲ!" ಎನ್ನುತ್ತ ಅವನು ಕೂಲರನ್ನು ತಳ್ಳಿಕೊಂಡು ಹೊರಟೇಬಿಟ್ಟ.

ಇಸ್ತ್ರಿಯವಳು ಪೆಟ್ಟಿಗೆಯನ್ನು ಕುಕ್ಕಿದಳು. "ಮೀಸೆ ಅಂತ ಹೆದರಿಸಿದ್ರೂ ಕೇಳ್ಲಿಲ್ವಲ್ಲ! ಈ ಬೇಸಿಗೇಲಿ ನಾವು ನೆಮ್ಮದಿಯಾಗಿ ಉಸಿರಾಡ್ತಿದ್ದದ್ದೇ ನಿಮ್ಮ ಬಿಸಿಯ ಪುಣ್ಯದಿಂದ ಅಕ್ಕ!"

ಆಮೇಲೆ ಎಲ್ಲರೂ ಮುಖ ತಿರುಗಿಸಿ ಕೆಲಸಕ್ಕೆ ಕೂತರು. ಇಡೀ ಕೋಣೆ ಬೆವರಿತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಬೆವರಿದವಳು ಕತ್ತರಿಯಕ್ಕ.