ಮೂಲಾ ನಕ್ಷತ್ರದ ಫುಟ್‌ಬಾಲ್ ಕ್ಲಬ್

ನಮ್ಮ ಭಾವ ಜೀವಮಾನದಲ್ಲಿ ಒಂದು ಚೆಂಡನ್ನೂ ಒದ್ದವರಲ್ಲ. ಆದರೂ ಉಕ್ರೇನಿನ ಒಂದು ಫುಟ್‌ಬಾಲ್ ಕ್ಲಬ್ ಗೆದ್ದದ್ದೆಲ್ಲ ಅವರಿಂದಲೇ! ಸೋತದ್ದು ನನ್ನಿಂದ.

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಗಿರಣಿಯಲ್ಲಿ ಅವರ ಸೆಕ್ಷನ್ ಮುಚ್ಚಿದ ಮೇಲೆ, ಒಂದು ಟ್ರಂಕು ಹೊತ್ತು ರಾಜಾಜಿನಗರದ ನಮ್ಮ ಮನೆಗೆ ಬಂದವರು. ಆಗಿನ್ನೂ ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಕೆಲಸವಿಲ್ಲದ ಮನುಷ್ಯ ಏನು ಮಾಡಬೇಕು?

ಜೂನ್ ತಿಂಗಳು. ಮಕ್ಕಳ ಪುಸ್ತಕಗಳಿಗೆ ರಟ್ಟು ಹಾಕಲೆಂದು ಪಕ್ಕದ ಮನೆಯವರಿಂದ ಹಳೆಯ ರಷ್ಯಾ ಮ್ಯಾಗಜೀನ್ ತಂದಿದ್ದೆ. ಎಂಥ ನುಣುಪು ಕಾಗದ! ಕತ್ತರಿ ಇಟ್ಟೆನೋ ಇಲ್ಲವೋ, ಭಾವ ಹಾರಿ ಬಂದರು.

"ನಿಲ್ಸಮ್ಮ! ಗೋಲ್‌ಕೀಪರ್ ಕತ್ತು ಹೋಗುತ್ತೆ!"

ಕಲ್ಲಿದ್ದಲು ಗಣಿಯ ಹನ್ನೊಂದು ಜನ ಕೈಕಟ್ಟಿ ನಿಂತ ಪಟ. ಹೊಸದಾಗಿ ಹುಟ್ಟಿದ ಕ್ಲಬ್ಬಂತೆ. ಪಟ ದೇವರ ಗೂಡಿನ ಪಕ್ಕಕ್ಕೆ ಅಂಟಿತು. ಮಗಳ ಭೂಗೋಳದ ಪುಸ್ತಕ ವರ್ಷವಿಡೀ ಬರಿಮೈಯಲ್ಲೇ ಶಾಲೆಗೆ ಹೋಯಿತು.

ಅಲ್ಲಿಂದ ಶುರು. ಮ್ಯಾಗಜೀನ್ ಬಂದಾಗಲೆಲ್ಲ ಭಾವ ಅಕ್ಷರ ಕೂಡಿಸಿ ಓದಿ, "ಗೆದ್ವಿ ಕಣಮ್ಮಾ!" ಎನ್ನುವರು. ಗೆದ್ದರೆ ಪಾಯಸ. ಸೋತರೆ, ನಾನು ಆ ಪಟದ ಕೆಳಗೆ ಪೊರಕೆ ಇಟ್ಟಿದ್ದೇ ಕಾರಣ!

ದೊಡ್ಡ ಪಂದ್ಯವೊಂದಿದೆ ಎಂದು ಓದಿದ ದಿನ ಅರ್ಚನೆಗೇ ಹೊರಟರು. ಹಣ್ಣುಕಾಯಿ ಹೊತ್ತು ನಾನೂ ಹಿಂದೆ.

"ಯಾರ ಹೆಸರಲ್ಲಿ?" ಎಂದರು ಅರ್ಚಕರು.

"ಕ್ಲಬ್ಬು, ಸ್ವಾಮಿ."

"ಗೋತ್ರ?"

"ಗೊತ್ತಿಲ್ಲ."

"ಕಾಶ್ಯಪ ಅಂತ ಹೇಳ್ತೀನಿ ಬಿಡಿ. ನಕ್ಷತ್ರ?"

"ಹನ್ನೊಂದು ಜನ ಒಂದೇ ನಕ್ಷತ್ರದಲ್ಲಿ ಹುಟ್ತಾರೇನ್ರೀ?"

ಕೊನೆಗೆ ಮ್ಯಾಗಜೀನಿನಲ್ಲಿ ಅಚ್ಚಾಗಿದ್ದ, ಕ್ಲಬ್ಬು ಶುರುವಾದ ತಾರೀಖಿಗೆ ಪಂಚಾಂಗ ನೋಡಿದ್ದಾಯಿತು. ಮೂಲಾ! ಭಾವ ತಲೆಯ ಮೇಲೆ ಕೈ ಹೊತ್ತು ಕುಳಿತರು.

ನನಗೆ ತಡೆಯಲಾಗಲಿಲ್ಲ. "ಮ್ಯಾಗಜೀನೇ ಹಳೇದು. ಆ ಆಟ ಮುಗಿದು ಆರು ತಿಂಗಳಾಗಿರುತ್ತೆ ಭಾವ!"

"ನಮಗೆ ಗೊತ್ತಾಗಿಲ್ಲವಲ್ಲಮ್ಮ. ಗೊತ್ತಾಗೋವರೆಗೂ ಅದು ದೇವರ ಕೈಲೇ ಇರುತ್ತೆ."

ಇಂಥವರ ಜೊತೆ ವಾದ ಮಾಡುವುದುಂಟೆ?

ಎರಡು ವರ್ಷ ಹೀಗೇ ನಡೆಯಿತು. ಒಂದು ಬೆಳಗ್ಗೆ ಒಲೆಯ ಮೇಲೆ ಹುಳಿ ಕುದಿಯುತ್ತಿದ್ದಾಗ ಹಿತ್ತಲಲ್ಲಿ ದಬದಬ ನೀರು ಸುರಿದ ಸದ್ದು. ಓಡಿ ನೋಡಿದರೆ ಭಾವ ಉಟ್ಟ ಬಟ್ಟೆಯಲ್ಲೇ ತಲೆಗೆ ತಣ್ಣೀರು ಹೊಯ್ದುಕೊಳ್ಳುತ್ತಿದ್ದಾರೆ! ಸಾವಿನ ಸುದ್ದಿ ಕೇಳಿದವರ ಸ್ನಾನವದು.

"ಅಯ್ಯೋ, ಯಾರು ಹೋದ್ರು ಭಾವ?"

"ಕ್ಲಬ್ಬು ಕಣಮ್ಮ. ಮುಚ್ಚಿಬಿಟ್ರಂತೆ."

ಸಿಟ್ಟು ನೆತ್ತಿಗೇರಿತು. "ಸೂತಕ ಎಷ್ಟು ದಿನ, ಅದನ್ನೂ ಹೇಳಿಬಿಡಿ! ಹುಳಿಗೆ ಒಗ್ಗರಣೆ ಹಾಕಬಹುದೋ, ಸಾವಿನ ಮನೆ ಅಂತ ಹಾಗೇ ಬಡಿಸಲೋ?"

ಭಾವ ನಗಲಿಲ್ಲ. ನಡುಗುತ್ತ ಚೊಂಬನ್ನು ಕೆಳಗಿಟ್ಟರು.

"ನಮ್ಮ ಸೆಕ್ಷನ್ ಮುಚ್ಚಿದ ದಿನ ನಲವತ್ತು ಜನ ಗೇಟಿನ ಹೊರಗೆ ನಿಂತಿದ್ವಿ. ಯಾರು ಯಾವ ಕಡೆ ಹೋದ್ರೋ ಗೊತ್ತಿಲ್ಲ. ನಮಗೋಸ್ಕರ ಯಾರೂ ಒಂದು ಚೊಂಬು ನೀರು ಹುಯ್ಕೊಳ್ಳಲಿಲ್ಲಮ್ಮ. ಈ ಹುಡುಗರಿಗಾದ್ರೂ ಯಾರಾದ್ರೂ ಇರ್ಲಿ ಅಂತ..."

ಹಂಡೆಯಿಂದ ಒಂದು ಬಕೆಟ್ ಬಿಸಿನೀರು ತೋಡಿ ಅವರ ಹತ್ತಿರ ಇಟ್ಟು ಒಳಗೆ ಬಂದೆ. ಸಾಸಿವೆ ಡಬ್ಬಿ ಕೈಗೆ ಸಿಕ್ಕಿತು. ಮತ್ತೆ ಅಲ್ಲೇ ಇಟ್ಟೆ.

ಅವತ್ತು ಮನೆಯವರೆಲ್ಲ ಒಗ್ಗರಣೆಯಿಲ್ಲದ ಹುಳಿ ಉಂಡೆವು.