ಮಾಸ್ತರರು ಕಾರಿಗೆ ಅಳತೆ ತೆಗೆದದ್ದು

ಕಾರಿನ ಕಾಲು ಸಣ್ಣ ಎಂದು ಷಡ್ಡಕ ಹೇಳಿಹೋದ ದಿನದಿಂದ ಟೈಲರ್ ಮಾಸ್ತರರಿಗೆ ಊಟ ರುಚಿಸಲಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಹೆಂಡತಿಯ ತಂಗಿಯ ಗಂಡ ಹೇಳಿದ ಮಾತು ಹಾಗಲ್ಲ, ಅದು ಕಿವಿಯಲ್ಲಿ ಹೊಕ್ಕು ನೇರ ಹೊಟ್ಟೆಗೆ ಇಳಿಯುತ್ತದೆ. ಆತ ತನ್ನ ಹೊಸ ಕಾರಿನಲ್ಲಿ ಬಂದು, ಅದರ ಮಿರಮಿರ ಮಿಂಚುವ ಚಕ್ರಗಳು ಮನೆಯ ಒಳಗಿನವರಿಗೂ ಕಾಣುವಂತೆ ಅಡ್ಡ ನಿಲ್ಲಿಸಿ, ಹೋಗುವಾಗ ಮಾಸ್ತರರ ಕಾರಿನ ಟೈರನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿದ್ದ. "ಮೈ ಏನೋ ಪರವಾಗಿಲ್ಲ ಭಾವ, ಕಾಲು ಮಾತ್ರ ಕಡ್ಡಿ. ಟೈರೂ ಸವೆದುಹೋಗಿದೆ" ಅಂದಿದ್ದ. ಟೈರು ಸವೆದದ್ದು ನಿಜವೇ ಆಗಿದ್ದರಿಂದ ಮಾಸ್ತರರಿಗೆ ಇನ್ನಷ್ಟು ಉರಿಯಿತು.

ಮಾಸ್ತರರದು ಸಾಮಾನ್ಯ ಟೈಲರಿಕೆಯಲ್ಲ. ಮೂವತ್ತು ವರ್ಷದಲ್ಲಿ ಅವರು ಹೊಲಿದ ಒಂದು ಪ್ಯಾಂಟೂ ಬಿಗಿಯಾಯಿತೆಂದು ವಾಪಸು ಬಂದಿಲ್ಲ. ಇದಕ್ಕೆ ತಮ್ಮ ಕೈಗುಣ ಕಾರಣ ಎಂದು ಅವರು ಹೇಳುತ್ತಾರೆ. ಬಂದ ಅಳತೆಗೆ ಒಂದಿಂಚು ಸೇರಿಸಿಯೇ ಕತ್ತರಿ ಹಾಕುವುದು ಕಾರಣ ಎಂದು ಹೆಂಡತಿ ಹೇಳುತ್ತಾಳೆ. (ಮಾಸ್ತರರ ಗಿರಾಕಿಗಳನ್ನು ಬೀದಿಯಲ್ಲಿ ದೂರದಿಂದಲೇ ಗುರುತಿಸಬಹುದು. ಗಾಳಿ ಬೀಸಿದರೆ ಅವರು ಸ್ವಲ್ಪ ಉಬ್ಬುತ್ತಾರೆ.) "ಹೆಚ್ಚಿದ್ರೆ ಮಡಿಸಬಹುದು, ಕಮ್ಮಿಯಾದ್ರೆ ಎಲ್ಲಿಂದ ತರ್ತೀರಿ" ಎಂಬುದು ಅವರ ಜೀವನಸಿದ್ಧಾಂತ. ಅಂಗಡಿಯ ಹೊಲಿಗೆ ಯಂತ್ರದ ಹೊದಿಕೆಯೂ ಯಂತ್ರಕ್ಕಿಂತ ಒಂದಿಂಚು ದೊಡ್ಡದು.

ಇಲ್ಲಿ ಹೆಂಡತಿಯ ವಿಷಯ ಒಂದು ಹೇಳಬೇಕು, ಏಕೆಂದರೆ ಈ ಕಥೆಯಲ್ಲಿ ನಿಜವಾಗಿ ಕಳೆದುಕೊಳ್ಳುವಂಥದ್ದು ಇದ್ದದ್ದು ಅವಳಿಗೆ. ಊರಿನ ಆಚೆ ತುದಿಯ ಶಾಲೆಯೊಂದು ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸವನ್ನು ಅವಳಿಗೇ ಕೊಡಲು ಒಪ್ಪಿತ್ತು. ವಾರಕ್ಕೆರಡು ಸಲ ಅಲ್ಲಿಗೆ ಹೋಗಿ ಅಳತೆ ತೆಗೆಯಬೇಕು, ಹೊಲಿದದ್ದನ್ನು ಗಂಟು ಕಟ್ಟಿ ತಲುಪಿಸಬೇಕು. ಅದಕ್ಕೆ ಕಾರು ಓಡಿಸಲು ಬರಬೇಕು. ಅವಳು ಕಲಿತಳು, ಎರಡು ಸಲ ಲೈಸೆನ್ಸ್ ಪರೀಕ್ಷೆಗೆ ಹೋದಳು, ಎರಡು ಸಲವೂ ಎಂಟರ ಆಕಾರದಲ್ಲಿ ಗಾಡಿ ಸುತ್ತಿಸುವಲ್ಲಿ ಕಂಬ ಬೀಳಿಸಿ ವಾಪಸು ಬಂದಳು. ಮೂರನೆಯದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಇದರಲ್ಲೂ ತಪ್ಪಿದರೆ ಇನ್ನು ಆರು ತಿಂಗಳು ಕಾಯಬೇಕು, ಶಾಲೆಯವರು ಅಷ್ಟು ದಿನ ಕಾಯುವುದಿಲ್ಲ. ಒಂದು ತಿಂಗಳಿಂದ ಅವಳು ಅಡುಗೆಮನೆಯ ನೆಲದ ಮೇಲೆ ಲೋಟಗಳನ್ನಿಟ್ಟು, ನಡುವೆ ಬೆರಳಲ್ಲಿ ಎಂಟು ಬರೆದು ಬರೆದು, ಈಗ ಕಣ್ಣು ಮುಚ್ಚಿ ತಿರುಗಿಸುವಷ್ಟು ಪಳಗಿದ್ದಳು.

ಆ ಪರೀಕ್ಷೆಗೆ ಎರಡು ದಿನ ಮುಂಚೆ, ಶನಿವಾರ, ಮಾಸ್ತರರು ಕಾರಿಗೆ ದೊಡ್ಡ ಚಕ್ರ ಹಾಕಿಸಲು ಹೊರಟರು.

ಟೈರಿನ ಅಂಗಡಿಯವನು ನಿಧಾನದ ಮನುಷ್ಯ. ಹಳೆಯ ಟೈರಿನ ಪಕ್ಕೆಯ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿ ಅಲ್ಲಿದ್ದ ಅಂಕಿಗಳನ್ನು ತೋರಿಸಿದ. ಡ್ರೈವರ್ ಬಾಗಿಲು ತೆಗೆದು ಅಂಚಿಗೆ ಅಂಟಿಸಿದ್ದ ಚೀಟಿಯನ್ನೂ ತೋರಿಸಿದ.

"ಗಾಡಿ ಮಾಡಿದವರೇ ಅಳತೆ ಬರೆದಿಟ್ಟಿದಾರೆ ಮಾಸ್ತರೇ. ಇದೇ ಸೈಜಲ್ಲಿ ಹೊಸ ಟೈರು ಹಾಕ್ತೀನಿ. ನಿಶ್ಚಿಂತೆ."

"ರೆಡಿಮೇಡ್ ಅಳತೆ" ಎಂದರು ಮಾಸ್ತರರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. "ಬೇಕಾಗಿಲ್ಲ. ನಾನೇ ತೆಗೀತೀನಿ."

ಕೊರಳಲ್ಲಿದ್ದ ಟೇಪು ಇಳಿಯಿತು. ಒಂದು ಚಕ್ರ ಬಿಚ್ಚಿಸಿ, ಬೋಲ್ಟಿನ ತೂತುಗಳ ಮೇಲೆ ಖಾಕಿ ಕಾಗದ ಒತ್ತಿ, ಅಂಗಿಯ ಕಾಲರಿಗೆ ಮಾಡುವಂತೆ ನಮೂನೆ ಕತ್ತರಿಸಿಕೊಂಡರು. ಟೈರಿನ ತಲೆಗೂ ಮೇಲಿನ ತಗಡಿಗೂ ನಡುವೆ ಎಷ್ಟು ಜಾಗವಿದೆ ಎಂದು ಕೈ ತೂರಿಸಿ ಅಳೆದರು. ಅಂಗಡಿಯವನು ನೋಡುತ್ತ ನಿಂತಿದ್ದ.

"ಬೋಲ್ಟು ಕೂತರೆ ಸಾಲದು. ಚಕ್ರ ಒಳಗೆ ಎಷ್ಟು ಕೂರುತ್ತೆ, ಹೊರಗೆ ಎಷ್ಟು ಚಾಚುತ್ತೆ ಅಂತ ಒಂದಿರುತ್ತೆ" ಎಂದ ಅವನು. "ಈಗ ಗಾಡಿ ಸುಮ್ಮನೆ ನಿಂತಿದೆ. ನಾಲ್ಕು ಜನ ಕೂತ್ರೆ ಕೆಳಗಿಳಿಯುತ್ತೆ. ಸ್ಟೀರಿಂಗ್ ತಿರುಗಿಸಿದ್ರೆ ಚಕ್ರ ಓರೆಯಾಗುತ್ತೆ. ಆಗ ಜಾಗ ಬೇಕಲ್ಲ."

"ನನಗೆ ಅಳತೆ ಹೇಳ್ಕೊಡ್ತೀಯೇನಪ್ಪ?"

"ಹೇಳ್ಕೊಡ್ತಿಲ್ಲ. ಬೇಡ ಅಂತಿದೀನಿ."

ಮಾಸ್ತರರಿಗೆ ನಗು ಬಂತು. ಅಂಗಡಿಗೆ ಬರುವ ಪ್ರತಿ ಗಿರಾಕಿಯನ್ನೂ ಕೂರಿಸಿ, ಬಗ್ಗಿಸಿ, ಕೈ ಎತ್ತಿಸಿ ಅಳತೆ ತೆಗೆಯುವವರು ಅವರು. ಆದರೆ ಕಾರನ್ನು ಕೂರಿಸಬೇಕು, ಬಗ್ಗಿಸಬೇಕು ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ಹಳೆಯ ಸಾಮಾನಿನ ಅಂಗಡಿಯಲ್ಲಿ ತಮ್ಮ ಕಾಗದದ ನಮೂನೆಗೆ ತೂತಿಗೆ ತೂತು ಕೂಡುವ ಚಕ್ರಗಳು ಸಿಕ್ಕಿದವು. ಅವು ಹಿಡಿಸುವ ಜಾಗಕ್ಕಿಂತ ಒಂದಿಂಚು ದೊಡ್ಡವಿದ್ದವು. ಒಂದಿಂಚು ಇರಲಿ ಎಂದುಕೊಂಡರು ಮಾಸ್ತರರು. ಅಲ್ಯೂಮಿನಿಯಂ ಚಕ್ರವನ್ನು ಯಾರು ಹೇಗೆ ಮಡಿಸುತ್ತಾರೆ ಎಂಬ ಪ್ರಶ್ನೆ ಆ ಹೊತ್ತಿನಲ್ಲಿ ಏಳಲಿಲ್ಲ.

ಟೈರಿನವನು ಒಲ್ಲದ ಮನಸ್ಸಿನಿಂದ ಹಾಕಿಕೊಟ್ಟ. ಹಳೆಯ ಚಕ್ರಗಳನ್ನು ಮೂಲೆಯಲ್ಲಿ ಒಂದರ ಮೇಲೊಂದು ಜೋಡಿಸಿಟ್ಟು, "ಇವು ಇಲ್ಲೇ ಇರ್ತವೆ. ಭಾನುವಾರ ರಜಾ. ಸೋಮವಾರ ಹತ್ತಕ್ಕೆ ಬಾಗಿಲು ತೆಗೀತೀನಿ" ಅಂದ. ಅದನ್ನು ಅವನು ಹೇಳಿದ ರೀತಿ ಮಾಸ್ತರರಿಗೆ ಹಿಡಿಸಲಿಲ್ಲ. ಅಂಗಡಿಯಿಂದ ಮನೆಗೆ ನೇರ ದಾರಿ, ಕಾರಿನಲ್ಲಿ ಅವರೊಬ್ಬರೇ; ಹಾಗಾಗಿ ಅವತ್ತು ಯಾವ ತೊಂದರೆಯೂ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿ ಹೊರಗೆ ಬಂದವಳು ಕಾರನ್ನು ಒಂದು ಸುತ್ತು ಹಾಕಿದಳು.

"ಯಾರ್ದ್ರೀ ಇದು?"

"ನಮ್ದೇ. ಹೇಗಿದೆ?"

"ಅಪ್ಪನ ಚಪ್ಪಲಿ ಹಾಕ್ಕೊಂಡ ಮಗು ಇದ್ದ ಹಾಗಿದೆ. ನಾಳೆ ಪರೀಕ್ಷೆ ಇಟ್ಕೊಂಡು ಇವತ್ತು ಇದೆಲ್ಲ ಬೇಕಿತ್ತಾ?"

"ನಿನಗೋಸ್ಕರ ಕಣೇ. ಗಾಡಿ ಗಂಭೀರವಾಗಿದ್ರೆ ಇನ್ಸ್‌ಪೆಕ್ಟರಿಗೂ ಒಂದು ಗೌರವ ಬರುತ್ತೆ."

ಅಭ್ಯಾಸಕ್ಕೆಂದು ಹೊರಟರು. ಹೆಂಡತಿ ಸ್ಟೀರಿಂಗ್ ಹಿಡಿದಳು, ಪಕ್ಕದಲ್ಲಿ ಮಾಸ್ತರರು, ಹಿಂದೆ ಅತ್ತೆ. ಮಾಸ್ತರರ ಅತ್ತೆ ಅಂದರೆ ಹೆಂಡತಿಯ ತಾಯಿ; ಮೈಕಟ್ಟಿನಲ್ಲಿ ದೊಡ್ಡವರು, ಮಾತಿನಲ್ಲಿ ಅದಕ್ಕಿಂತ ದೊಡ್ಡವರು. ಅವರು ಕೂತದ್ದೇ ತಡ ಕಾರು ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು. ಗೇಟು ದಾಟಿ ಸ್ವಲ್ಪ ತಿರುಗಿಸುವಷ್ಟರಲ್ಲಿ ಕರ್ರ್ ಎಂದು ಶಬ್ದ ಬಂತು.

"ಅಳಿಯಂದಿರೇ, ಯಾರೋ ಹಲ್ಲು ಕಡೀತಾ ಇರೋ ಹಾಗಿದೆ" ಎಂದರು ಅತ್ತೆ.

"ಅದು ನಾನೇ ಅಮ್ಮ" ಎಂದಳು ಹೆಂಡತಿ. "ಇನ್ನೊಂದು ಶಬ್ದ ಬರ್ತಿದೆಯಲ್ಲ, ಅದು ಟೈರು."

"ಹೊಸ ಬಟ್ಟೆ ಸ್ವಲ್ಪ ಗರಗರ ಅನ್ನುತ್ತೆ" ಎಂದರು ಮಾಸ್ತರರು. "ಎರಡು ಸಲ ಒಗೆದ್ರೆ ಸರಿಹೋಗುತ್ತೆ."

ಮುಂದಿನ ತಿರುವಿನಲ್ಲಿ ಸ್ಟೀರಿಂಗ್ ಅರ್ಧಕ್ಕೇ ನಿಂತಿತು. ಹೆಂಡತಿ ಇನ್ನಷ್ಟು ಎಳೆದಳು, ಕಾರು ಮುಲುಗಿತು, ತಿರುಗಲಿಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಅವಳು ಗಾಡಿ ನಿಲ್ಲಿಸಿ, ಬೀಗದ ಕೈ ತೆಗೆದು ಗಂಡನ ಕೈಗಿಟ್ಟಳು. ಬೈದಿದ್ದರೆ ಮಾಸ್ತರರಿಗೆ ಸಮಾಧಾನವಾಗುತ್ತಿತ್ತು.

"ಹಳೇ ಚಕ್ರ ಹಾಕಿಸಿಬಿಡ್ರೀ" ಎಂದಳು.

"ಇವತ್ತು ಅಂಗಡಿ ರಜಾ."

"ನಾಳೆ?"

"ಹತ್ತಕ್ಕೆ ತೆಗೀತಾನೆ."

"ಪರೀಕ್ಷೆ ಒಂಬತ್ತಕ್ಕೆ" ಎಂದು ಹಿಂದಿನಿಂದ ಅತ್ತೆ ಜ್ಞಾಪಿಸಿದರು.

ಮಾಸ್ತರರು ಎದೆಗುಂದುವವರಲ್ಲ. ಬಟ್ಟೆ ಬಿಗಿಯಾದರೆ ಮನುಷ್ಯನನ್ನು ಬದಲಾಯಿಸುವುದುಂಟೇ? ಬಿಚ್ಚಿ ಸಡಿಲ ಮಾಡಬೇಕು. ಅತ್ತೆಯನ್ನು ಇಳಿಸಿ, ಕಾರನ್ನು ಹಿಂದಕ್ಕೇ ಓಡಿಸಿ ಅಂಗಳಕ್ಕೆ ತಂದರು. ಚಕ್ರದ ಮೇಲಿನ ಗೂಡಿನ ಒಳಗೆ ಕರಿಯ ಪ್ಲಾಸ್ಟಿಕ್ಕಿನ ಹಾಳೆಯೊಂದಿರುತ್ತದೆ. ಅದನ್ನು ಕಂಡು ಅವರಿಗೆ ಬಹಳ ಸಂತೋಷವಾಯಿತು.

"ಅಸ್ತರು" ಎಂದರು, ಕೋಟಿನ ಒಳಪದರ ಕಂಡವರಂತೆ. "ಕಂಕುಳಲ್ಲಿ ಹಿಡೀತಾ ಇದೆ, ಅಷ್ಟೆ. ಅರ್ಧ ಗಂಟೆ ಕೆಲಸ."

ಸೀಮೆಸುಣ್ಣದಿಂದ ಗುರುತು ಹಾಕಿಕೊಂಡು, ಹೆಂಡತಿ ಕಾಗದ ಕತ್ತರಿಸಲು ಕೇಳಿದರೂ ಕೊಡದ ತಮ್ಮ ದೊಡ್ಡ ಕತ್ತರಿಯನ್ನು ತಂದು, ಅಂಗಳದಲ್ಲಿ ಗೋಣಿ ಹಾಸಿ ಮಲಗಿಕೊಂಡೇ ಕಾರಿನ ಬಲಗಂಕುಳನ್ನು ಬಿಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಬಲಗಡೆ ಮುಗಿಯಿತು. ಎಡಗಡೆಗೆ ಕತ್ತರಿ ಹಾಕಿದಾಗ ಒಳಗಿನ ಕಬ್ಬಿಣದ ಪಟ್ಟಿಗೆ ಸಿಕ್ಕಿ ಕತ್ತರಿಯ ತುದಿ ಟಕ್ಕನೆ ಮುರಿಯಿತು. ಮಾಸ್ತರರ ಕಣ್ಣಲ್ಲಿ ನೀರು ಬಂತು. (ಧೂಳು ಬಿತ್ತು ಎಂದು ಅವರು ಹೇಳಿದರು.) ಪ್ರಯೋಗ ಮಾಡಿ ನೋಡಿದರೆ ಕಾರು ಬಲಕ್ಕೆ ಹೇಗೋ ತಿರುಗುತ್ತಿತ್ತು. ಎಡಕ್ಕೆ ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲ.

"ನಾಳೆ ಎಡಕ್ಕೆ ತಿರುಗಿಸಿ ಅಂದ್ರೆ ಏನು ಮಾಡ್ಲಿ?" ಎಂದು ಕೇಳಿದಳು ಹೆಂಡತಿ.

"ಮೂರು ಸಲ ಬಲಕ್ಕೆ ತಿರುಗಿದ್ರೆ ಎಡಕ್ಕೇ ಬಂದ ಹಾಗಾಯ್ತಲ್ಲ."

ಹೆಂಡತಿ ಎದ್ದು ಒಳಗೆ ಹೋದಳು. ಅವತ್ತು ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು.

ಸೋಮವಾರ ಬೆಳಿಗ್ಗೆ ಕಾರನ್ನು ಮಾಸ್ತರರೇ ಓಡಿಸಿದರು. ಪರೀಕ್ಷೆಯ ಮೈದಾನಕ್ಕೆ ಹತ್ತು ನಿಮಿಷದ ದಾರಿ. ದಾರಿಯಲ್ಲಿ ಎಡ ತಿರುವುಗಳು ನಾಲ್ಕಿದ್ದವು. ಒಂದೊಂದಕ್ಕೂ ಮುಂದೆ ಹೋಗಿ, ಬಲಕ್ಕೆ ಬಲಕ್ಕೆ ಬಲಕ್ಕೆ ಸುತ್ತಿ ಬರಬೇಕಾಯಿತು. ಒಂದು ಔಷಧಿ ಅಂಗಡಿಯ ಮುಂದೆ ಮೂರು ಸಲ ಹಾದುಹೋದರು. ಮೂರನೆಯ ಸಲ ಅಂಗಡಿಯಾತ ಕೈ ಬೀಸಿದ. ಮುಕ್ಕಾಲು ಗಂಟೆಯ ಮೇಲೆ ಮೈದಾನ ಸೇರಿದಾಗ ಹೆಂಡತಿಯ ಹೆಸರು ಕರೆಯುತ್ತಿದ್ದರು.

ಇನ್ಸ್‌ಪೆಕ್ಟರ್ ಮೇಡಂ ಮರದ ನೆರಳಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಮಾಸ್ತರರು ಹೆಂಡತಿಯ ಕಿವಿಯಲ್ಲಿ ಕೊನೆಯ ಉಪದೇಶ ಮಾಡಲು ಬಾಗಿದರು. ಅವಳು ಅವರನ್ನು ದಾಟಿಕೊಂಡು ಸೀದಾ ಮೇಜಿನ ಮುಂದೆ ಹೋಗಿ ನಿಂತಳು.

"ಮೇಡಂ, ಎಂಟು ಹಾಕೋಕೆ ನನಗೆ ಬರುತ್ತೆ, ನಮ್ಮ ಗಾಡಿಗೆ ಬರಲ್ಲ. ಅದು ಎಡಕ್ಕೆ ತಿರುಗೋದಿಲ್ಲ. ಬೇರೆ ಯಾವುದಾದ್ರೂ ಗಾಡಿ ಕೊಡಿಸಿದ್ರೆ ಮಾಡಿ ತೋರಿಸ್ತೀನಿ."

ಮೇಡಂ ಅವಳ ಮುಖ ನೋಡಿದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಡ್ರೈವಿಂಗ್ ಶಾಲೆಯವನಿಗೆ ಬೀಗದ ಕೈ ಕೊಡುವಂತೆ ಹೇಳಿದರು. ಅವನದು ತುಕ್ಕು ಹಿಡಿದ, ಬಣ್ಣ ಹೋದ, ನಿಜವಾಗಿಯೂ ಕಡ್ಡಿಕಾಲಿನ ಕಾರು. ಹೆಂಡತಿ ಅದರಲ್ಲಿ ಕೂತು, ಕನ್ನಡಿ ಸರಿಮಾಡಿಕೊಂಡು, ಎಡಕ್ಕೊಂದು ಬಲಕ್ಕೊಂದು ಸುತ್ತು ಹಾಕಿ, ಒಂದು ಕಂಬವೂ ಅಲುಗದಂತೆ ಎಂಟು ಬರೆದು ತಂದು ನಿಲ್ಲಿಸಿದಳು. ಮಾಸ್ತರರಿಗೆ ನಿಜಕ್ಕೂ ಹೆಮ್ಮೆಯಾಗಿತ್ತು, ಎಷ್ಟೋ ವರ್ಷಗಳಲ್ಲಿ ಅಷ್ಟು ಹೆಮ್ಮೆಯಾಗಿರಲಿಲ್ಲ. ಮೇಡಂ ಕಾಗದಕ್ಕೆ ಸಹಿ ಹಾಕಿದರು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಮೇಡಂ ಎದ್ದು ಬಂದು ಮಾಸ್ತರರ ಕಾರನ್ನು ಸುತ್ತಿ ನೋಡಿದರು. ಹೊರಗೆ ಚಾಚಿದ ಚಕ್ರ ನೋಡಿದರು, ಬಗ್ಗಿ ಬಿಚ್ಚಿದ ಕಂಕುಳು ನೋಡಿದರು.

"ಇದಕ್ಕೆ ಅಳತೆ ತೆಗೆದವರು ಯಾರು?"

ಅಳತೆ ಯಾರದು ಎಂದು ಕೇಳಿದರೆ ಮುಂದೆ ಬಂದು ನಿಲ್ಲುವುದು ಮಾಸ್ತರರಿಗೆ ಮೂವತ್ತು ವರ್ಷದ ಅಭ್ಯಾಸ. "ನಂದೇ ಮೇಡಂ" ಎಂದರು ಎದೆಯುಬ್ಬಿಸಿ. ಅಷ್ಟಕ್ಕೇ ನಿಲ್ಲಿಸಿದ್ದರೂ ಬದುಕುತ್ತಿದ್ದರು. "ಗಾಡೀಲಿ ಅಂಥ ದೋಷ ಏನಿಲ್ಲ. ಓಡಿಸೋರಿಗೆ ಕೈ ಪಳಗಿರಬೇಕು. ಬೇಕಾದ್ರೆ ನಾನೇ ಎಂಟು ಹಾಕಿ ತೋರಿಸ್ತೀನಿ."

"ರೀ, ಬೇಡ" ಎಂದಳು ಹೆಂಡತಿ.

"ತೋರಿಸಿ" ಎಂದರು ಮೇಡಂ.

ಎಂಟಿನ ಬಲದ ಸೊನ್ನೆ ಅಮೋಘವಾಗಿ ಬಂತು. ಸಾಲಿನಲ್ಲಿ ನಿಂತ ಹುಡುಗ ಹುಡುಗಿಯರು ಬೆರಗಾಗಿ ನೋಡಿದರು. ಮಾಸ್ತರರು ಒಂದು ಕೈ ಕಿಟಕಿಯ ಮೇಲಿಟ್ಟು ಎಡದ ಸೊನ್ನೆಗೆ ಹೊರಳಿಸಿದರು. ಕರ್ರ್ ಎಂದಿತು. ಕಾರು ಹೊರಳಲಿಲ್ಲ, ಮೂರು ಕಂಬಗಳನ್ನು ಒಂದೊಂದಾಗಿ ಮಲಗಿಸಿ, ಕಟ್ಟಿದ್ದ ಹಗ್ಗವನ್ನು ಮೂತಿಗೆ ಸುತ್ತಿಕೊಂಡು, ಗಂಭೀರ ನಡಿಗೆಯಲ್ಲಿ ನೇರ ಮರದ ನೆರಳಿಗೆ ಬಂದು ಮೇಜಿನಿಂದ ಗೇಣು ದೂರದಲ್ಲಿ ನಿಂತಿತು. ಅಷ್ಟರಲ್ಲಿ ಮೇಡಂ ತಮ್ಮ ಕಾಫಿ ಲೋಟವನ್ನು ಎತ್ತಿಕೊಂಡಿದ್ದರು.

"ನಿಮ್ಮ ಲೈಸೆನ್ಸ್ ಕೊಡಿ" ಎಂದರು. ನೋಡಿ ಮೇಜಿನ ಡ್ರಾಯರಿನಲ್ಲಿ ಹಾಕಿಕೊಂಡರು. "ಸರಿಯಾದ ಚಕ್ರ ಹಾಕಿಸ್ಕೊಂಡು ಮುಂದಿನ ಸೋಮವಾರ ಬನ್ನಿ. ನಿಮ್ಮ ಎಂಟನ್ನ ಪೂರ್ತಿ ನೋಡಬೇಕು."

ಹೆಂಡತಿ ಫೋನ್ ಮಾಡಿದ್ದರಿಂದ ಹತ್ತು ಗಂಟೆಯ ಮೇಲೆ ಟೈರಿನವನು ಹಳೆಯ ಚಕ್ರಗಳಿಗೆ ಅದೇ ಅಳತೆಯ ಹೊಸ ಟೈರು ಹಾಕಿಕೊಂಡು ಮೈದಾನಕ್ಕೇ ಬಂದ. ಬಿಚ್ಚಿದ, ಹಾಕಿದ, ಕೈ ಒರೆಸಿಕೊಂಡ. ಹೆಂಡತಿ ಮಾಸ್ತರರನ್ನು ಅವರ ಹೊಲಿಗೆ ಅಂಗಡಿಯ ಮುಂದೆ ಇಳಿಸಿ, ಎಡಕ್ಕೆ ತಿರುಗಿಸಿಕೊಂಡು ಶಾಲೆಗೆ ಹೋದಳು.

ಮುಂದಿನ ಸೋಮವಾರ ಹದಿನೆಂಟು ತುಂಬಿದ ಮಕ್ಕಳ ಸಾಲಿನಲ್ಲಿ ಮಾಸ್ತರರು ಐದನೆಯವರಾಗಿ ನಿಂತಿದ್ದರು. ಲೈಸೆನ್ಸ್ ಇಲ್ಲದವರ ಪಕ್ಕದಲ್ಲಿ ಲೈಸೆನ್ಸ್ ಇರುವವರೊಬ್ಬರು ಕೂತಿರಬೇಕೆಂಬುದು ನಿಯಮ. ಹೆಂಡತಿ ಕೂತಿದ್ದಳು. ಈ ಸಲ ಕಾರು ಎಡಕ್ಕೂ ತಿರುಗಿತು, ಬಲಕ್ಕೂ ತಿರುಗಿತು. ಆದರೆ ಇಪ್ಪತ್ತು ವರ್ಷ ಓಡಿಸಿದ ಮಾಸ್ತರರು ಕಂಬಕ್ಕೆ ತಾಗದಿರಲೆಂದು ಒಂದಿಂಚು ಹೆಚ್ಚು ಜಾಗ ಬಿಡಲು ಹೋಗಿ ಆಚೆ ಕಡೆಯ ಕೊನೆಯ ಕಂಬವನ್ನು ಬೀಳಿಸಿದರು.

ಮೇಡಂ ಕಿಟಕಿಯ ಹತ್ತಿರ ಬಂದು ಬಗ್ಗಿದರು. ಮಾಸ್ತರರನ್ನು ಬಿಟ್ಟು ಆಚೆ ಕೂತವಳನ್ನು ಕೇಳಿದರು.

"ಏನಮ್ಮಾ, ಇವರಿಗೆ ಎಷ್ಟು ದಿನದಿಂದ ಕಲಿಸ್ತಿದೀರಿ?"

"ಮದುವೆ ಆದಾಗಿನಿಂದ ಮೇಡಂ" ಎಂದಳು ಹೆಂಡತಿ.

ಮೇಡಂ ಅವಳನ್ನು ಕನಿಕರದಿಂದ ನೋಡಿ, ಆರು ವಾರದ ನಂತರದ ತಾರೀಖು ಬರೆದುಕೊಟ್ಟರು.